ಕೂಸಿನ ಹಳದಿ ಕಣ್ಣು, ಗೂಳಪ್ಪನ ಸಾವು

ಎಣ್ಣೆ ಹಚ್ಚಲು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಾಗ ನಾಗವ್ವನಿಗೆ ಮೊದಲು ಕಂಡದ್ದು ಅದರ ಕಣ್ಣು. ಬೆಳ್ಳಗಿರಬೇಕಾದ ಜಾಗ ಅರಿಸಿನ ಕಲಸಿದ ನೀರಿನಂತೆ ಹಳದಿಯಾಗಿತ್ತು. ಹಣೆಯ ಮೇಲೆ ಬೆರಳೊತ್ತಿ ತೆಗೆದಳು. ಬೆರಳೊತ್ತಿದ ಜಾಗವೂ ಹಳದಿ. ಕೂಸು ಹುಟ್ಟಿ ಅಂದಿಗೆ ಐದು ದಿನ.

ಇದು ೧೯೯೮ರ ಮಾತು. ನಾಗವ್ವನ ಗಂಡ ಹೊಳಬಸಪ್ಪ ಪುಣೆಯ ಶಿವಾಜಿನಗರದಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತ. ಬೆಳಗಾವಿ ಕಡೆಯಿಂದ ಬಂದು ಇಪ್ಪತ್ತು ವರ್ಷವಾಗಿತ್ತು. ಕೋರ್ಟಿನ ಹಿಂದಿನ ಓಣಿಯ ಚಾಳಿನಲ್ಲಿ ಎರಡು ಕೋಣೆಯ ಮನೆ. ಒಬ್ಬಳೇ ಮಗಳು ಮಾಧುರಿ ಬಾಣಂತನಕ್ಕೆ ಬಂದಿದ್ದಳು. ಚೊಚ್ಚಲ ಗಂಡು ಕೂಸು. ಹೆರಿಗೆ ಸಲೀಸಾಗಿ ಆಗಿ, ಮೂರನೆಯ ದಿನಕ್ಕೇ ತಾಯಿ ಮಗು ಮನೆಗೆ ಬಂದಿದ್ದರು.

"ಅವ್ವಾ, ಕೂಸು ಮೊಲಿ ಹಿಡೀವಲ್ದು," ಎಂದಳು ಒಳಗಿನಿಂದ ಮಾಧುರಿ. "ನಿನ್ನೆ ಮಧ್ಯಾಹ್ನದಿಂದ ಬರೇ ನಿದ್ದಿ."

"ಸಣ್ಣ ಕೂಸು ನಿದ್ದಿ ಮಾಡದ ಮತ್ತೇನ್ ಮಾಡತದ? ಎಚ್ಚರಾದ ಮ್ಯಾಲ ತಾನ ಕುಡೀತದ."

ಹಾಗೆಂದರೂ ನಾಗವ್ವ ಗಂಡನನ್ನು ಕರೆದು ಕೂಸಿನ ಕಣ್ಣು ತೋರಿಸಿದಳು. ಹೊಳಬಸಪ್ಪ ಬಗ್ಗಿ ನೋಡಿ, "ಕಾಮಣಿ ಆಗೇದ. ಪೇಟ್ಯಾಗ ಒಬ್ಬಾಂವ ಕಾಮಣಿ ಇಳಸೂ ಸರ ಕೊಡ್ತಾನಂತ, ಸಂಜೀಕ ಕೇಳಕೊಂಡು ಬರ್ತೀನಿ," ಎಂದು ಚೀಲ ಹಿಡಿದು ಕೆಲಸಕ್ಕೆ ಹೊರಟ. ನಾಗವ್ವ ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ಹೊರಗಿನ ಗ್ಯಾಲರಿಯ ಬಿಸಿಲಿಗೆ ಬಂದು ಕುಳಿತಳು.

ಆಗ ಮೆಟ್ಟಿಲು ಹತ್ತಿ ಬಂದವಳು ಸ್ನೇಹಲ್. ಕೆಳಗಿನ ಮನೆಯ ಸೊಸೆ, ಧಾರವಾಡದಲ್ಲಿ ಓದಿದವಳು. ಒಂದು ಆಸ್ಪತ್ರೆಯಲ್ಲಿ ರಕ್ತ ತಪಾಸಣೆಯ ಕೆಲಸ. ಕೂಸನ್ನು ನೋಡಿಹೋಗಲು ಬಂದಿದ್ದಳು.

"ಯಾಕ ಕಾಕು, ಕೂಸಿನ ಬಿಸಲಾಗ ಹಿಡಕೊಂಡು ಕೂತೀರಿ?"

"ಚೂರು ಕಾಮಣಿ ಆಗೇದವಾ. ಮಾಧುರಿಗೂ ಆಗಿತ್ತು. ಬಿಸಲಿಗೆ ಹಿಡದೆ, ಇಳೀತು."

"ಅಂಗಾಲು ತೋರಸ್ರಿ."

ನಾಗವ್ವ ಕೌದಿ ಸರಿಸಿದಳು. ಸ್ನೇಹಲ್ ಪುಟ್ಟ ಪಾದವನ್ನು ಹಿಡಿದು ಬೆರಳಿನಿಂದ ಒತ್ತಿದಳು. ಅವಳ ಮುಖದಲ್ಲಿದ್ದ ನಗು ಹೋಯಿತು.

"ಅಂಗಾಲಿನ ತನಾ ಇಳದದ, ಕಾಕು. ಇದು ಬಿಸಲಿಗೆ ಹೋಗೂ ಕಾಮಣಿ ಅಲ್ಲ. ಹಾಲು ಕುಡೀತದೇನು?"

"ನಿನ್ನೆಯಿಂದ ಇಲ್ಲ."

ಸ್ನೇಹಲ್ ಕೂಸನ್ನು ಎತ್ತಿಕೊಂಡಳು. ಕೂಡಲೇ ಮುಖ ಹಿಂದಕ್ಕೆ ತೆಗೆದಳು. "ಇದೇನು ವಾಸನಿ?"

"ನಮ್ಮವ್ವ ಹೊಲದ ಕೌದಿ. ಮಗಳ ಬಾಣಂತನಕ್ಕ ಅಂತ ಟ್ರಂಕಿನಾಗ ಜ್ವಾಕಿಲೆ ಇಟ್ಟಿದ್ದೆ. ಹುಳಾ ಹಿಡೀಬಾರದಂತ ಡಾಂಬರ ಗುಳಿಗಿ, ಆ ಬಿಳೀ ನುಸಿಗುಂಡು, ಹಾಕಿದ್ದೆ. ಅದರ ವಾಸನಿ ಅದು, ಹೊಲಸು ಅಲ್ಲ."

"ತೊಳದೀರೇನು?"

"ಹಳೀ ಕೌದಿ, ತೊಳದ್ರ ಹರೀತದಂತ ಝಾಡಿಸಿ ತಗದೆ."

ಸ್ನೇಹಲ್ ಕೌದಿ ಬಿಚ್ಚಿ ಗ್ಯಾಲರಿಯ ಮೂಲೆಗೆ ಸರಿಸಿ, ತನ್ನ ಓಢಣಿಯಲ್ಲಿ ಕೂಸನ್ನು ಸುತ್ತಿದಳು. "ಮಾಧುರಿ, ಚಪ್ಪಲಿ ಹಾಕೋ. ಕಾಕು, ನೀವೂ ನಡೀರಿ. ರಿಕ್ಷಾ ತರಸ್ತೀನಿ."

"ಹದಿಮೂರ ದಿನಾ ಆಗೂ ತನಾ ಕೂಸಿನ ಹೊರಗ ಒಯ್ಯಂಗಿಲ್ಲ ನಾವು."

"ಹದಿಮೂರು ದಿನಾ ಕೂಸು ಇರಬೇಕಲ್ರಿ, ಕಾಕು."

ನಾಗವ್ವನಿಗೆ ಸಿಟ್ಟು ಬಂತು. ಎಂಥ ಮಾತಾಡುತ್ತಾಳೆ ಎಂದುಕೊಂಡಳು. ಆದರೆ ಓಢಣಿಯೊಳಗೆ ಕೂಸಿನ ಕೈ ಹತ್ತಿಯ ಬತ್ತಿಯಂತೆ ಸಡಿಲಾಗಿ ಜೋತಿದ್ದು ಕಂಡಿತು. ಎದ್ದು ಚಪ್ಪಲಿ ಮೆಟ್ಟಿದಳು.

ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದರು. ಎಲ್ಲರೂ ಡಾಕ್ಟರ್ ಬಾಯಿ ಎನ್ನುವ ಲೇಡಿ ಡಾಕ್ಟರು ಮರಾಠಿಯಲ್ಲಿ ಬೇಗ ಬೇಗ ಹೇಳಿದ್ದನ್ನು ಸ್ನೇಹಲ್ ಕನ್ನಡದಲ್ಲಿ ಹೇಳಿದಳು. ಮೈಯಲ್ಲಿ ಹಳದಿ ಎಷ್ಟು ಏರಿದೆ ಎಂದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಅದು ಮಿದುಳಿಗೆ ಹತ್ತಬಹುದು. ಹತ್ತಿದರೆ ಕಿವಿ ಹೋಗಬಹುದು, ಕೈಕಾಲು ಸೆಟೆದುಕೊಳ್ಳಬಹುದು, ಜೀವವೇ ಹೋಗಬಹುದು. ನೀಲಿ ಬೆಳಕಿನ ಕೆಳಗೆ ಇಟ್ಟರಷ್ಟೇ ಸಾಲದು, ಕೂಸಿನ ರಕ್ತವನ್ನು ಸ್ವಲ್ಪ ಸ್ವಲ್ಪವೇ ತೆಗೆದು ಬೇರೆ ರಕ್ತ ತುಂಬಬೇಕು.

"ಅಷ್ಟು ಸಣ್ಣ ಮೈಯಾಗಿನ ರಕ್ತ ತಗೀತಾರ?" ಎಂದು ಮಾಧುರಿ ಅಲ್ಲೇ ಬೆಂಚಿನ ಮೇಲೆ ಕುಸಿದಳು. ಐದು ದಿನದ ಬಾಣಂತಿ. ನಾಗವ್ವ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು.

ಡಾಕ್ಟರ್ ಬಾಯಿ ಇನ್ನೊಂದು ಪ್ರಶ್ನೆ ಕೇಳಿದರು. ಮನೆತನದಲ್ಲಿ ಯಾವ ಗಂಡಸಿಗಾದರೂ ಔಷಧ ತಗೊಂಡ ಮೇಲೆ ಹೀಗೆ ಹಳದಿಯಾಗಿ, ಮೂತ್ರ ಕಪ್ಪಾಗಿತ್ತೇ? ಯಾರಾದರೂ ತೀರಿಕೊಂಡಿದ್ದರೇ?

ನಾಗವ್ವನಿಗೆ ತನ್ನ ಅಣ್ಣ ಗೂಳಪ್ಪನ ನೆನಪಾಯಿತು. ಆದರೆ ಗೂಳಪ್ಪ ಸತ್ತದ್ದು ರೋಗದಿಂದಲ್ಲ. ಅವನ ಹೆಂಡತಿ ವಿಷ ಹಾಕಿದ್ದಳು. ಅದು ಇಡೀ ಊರಿಗೇ ಗೊತ್ತಿದ್ದ ಸಂಗತಿ. ಅದನ್ನು ಇಲ್ಲಿ ಹೇಳುವುದೇನು?

"ಇಲ್ಲ," ಎಂದಳು.

ಡಾಕ್ಟರ್ ಬಾಯಿ ರಕ್ತ ಬದಲಿಸುವ ಮೊದಲು ಒಂದು ಸಣ್ಣ ಶೀಶೆಯಲ್ಲಿ ಕೂಸಿನದೇ ರಕ್ತ ತೆಗೆದು ಬೇರೆ ತಪಾಸಣೆಗೆ ಕಳಿಸಿದರು.

ಮಧ್ಯಾಹ್ನವೆಲ್ಲ ಅವರು ಆ ಬಾಗಿಲ ಹೊರಗೆ ಕಾದರು. ವಿಮಾನ ನಗರದ ಆಫೀಸಿನಿಂದ ಅಳಿಯ ವಿಕ್ರಮ ಓಡಿ ಬಂದ. ಹೊಳಬಸಪ್ಪ ಬಂದ. ಸಂಜೆಯ ತನಕ ಕಾಯದೆ ಸರ ತಂದಿದ್ದ, ಅದನ್ನು ಯಾರಿಗೂ ತೋರಿಸದೆ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡ. ಬಾಗಿಲು ತೆರೆದಾಗಲೆಲ್ಲ ನಾಲ್ವರೂ ಎದ್ದು ನಿಲ್ಲುವರು, ನರ್ಸ್ ಅವರನ್ನು ದಾಟಿ ಹೋಗುವಳು, ಮತ್ತೆ ಕುಳಿತುಕೊಳ್ಳುವರು. ಐದು ಗಂಟೆಯ ಹೊತ್ತಿಗೆ ಡಾಕ್ಟರ್ ಬಾಯಿ ಹೊರಬಂದು, ಕೂಸು ಉಳಿಯುತ್ತದೆ ಎಂದರು. ಆದರೆ ಕಿವಿಗೆ ಏನಾದರೂ ಆಗಿದೆಯೋ ಇಲ್ಲವೋ ಎಂಬುದು ಕೆಲವು ತಿಂಗಳು ಕಳೆದು ಪರೀಕ್ಷೆ ಮಾಡಿದ ಮೇಲೆಯೇ ಗೊತ್ತಾಗುವುದು ಎಂದರು.

ಮೂರನೆಯ ದಿನ ಸ್ನೇಹಲ್ ರಿಪೋರ್ಟು ಹಿಡಿದುಕೊಂಡು ವಾರ್ಡಿಗೆ ಬಂದಳು. ಮಾಧುರಿ ಮಲಗಿದ್ದಳು. ನಾಗವ್ವ ಪಕ್ಕದಲ್ಲಿ ಕುಳಿತು ಕೂಸಿನ ಉಸಿರನ್ನೇ ನೋಡುತ್ತಿದ್ದಳು.

"ಕಾರಣ ಸಿಕ್ತು, ಕಾಕು. ಕೂಸಿನ ರಕ್ತದಾಗ ಒಂದು ಪ್ರೋಟೀನು ಕೆಟ್ಟದ. ಜಿ-ಸಿಕ್ಸ್-ಪಿಡಿ ಅಂತ ಅದರ ಹೆಸರು."

"ನಾವೇನು ತಪ್ಪು ತಿನ್ನಸಲಿಲ್ಲಲ್ಲವಾ. ಅದರ ಬಾಯಿಗೆ ತಾಯಿ ಹಾಲು ಬಿಟ್ರ ಬ್ಯಾರೆ ಏನೂ ಹೋಗಿಲ್ಲ."

"ತಿಂದದ್ದರಿಂದ ಅಲ್ಲ. ಹುಟ್ಟಿನಿಂದನ ಹಂಗದ. ಕೇಳ್ರಿ. ನಮ್ಮ ಮೈ ಕೋಟಿಗಟ್ಟಲೆ ಕಣದಿಂದ ಆಗೇದ. ಆ ಕಣದಾಗ ದಾರದಂಥಾ ವರ್ಣತಂತು ಇರ್ತಾವ, ನಲವತ್ತಾರು. ಅರ್ಧ ತಾಯಿ ಕಡಿಂದ ಬಂದಾವ, ಅರ್ಧ ತಂದಿ ಕಡಿಂದ. ಮೈಯಾಗ ಯಾವ ಪ್ರೋಟೀನು ಹೆಂಗ ಕಟ್ಟಬೇಕು ಅನ್ನೂದು ಅದರಾಗ ಬರದಿರ್ತದ. ಅಡಿಗಿ ಹೆಂಗ ಮಾಡಬೇಕಂತ ಬರದಿಟ್ಟಂಗ."

"ಹೂಂ."

"ಬರಿಯೂ ಮುಂದ ಒಂದ ಅಕ್ಷರ ತಪ್ಪಿತಂದ್ರ? ಹಾಲು ಹಾಕು ಅನ್ನೂ ಜಾಗಾದಾಗ ಹಾವು ಹಾಕು ಅಂತ ಬಿದ್ರ?"

"ಅಡಿಗಿ ಹೆಂಗ ಆದೀತು, ಕೆಡತದ."

"ಹಂಗ ಆ ಪ್ರೋಟೀನೂ ಕೆಡತದ. ಆ ಅಕ್ಷರ ತಪ್ಪೂದಕ್ಕ ನಾವು ಮ್ಯುಟೇಶನ್ ಅಂತೀವಿ. ಯಾವ ತಲಿಮಾರಿನಾಗ ತಪ್ಪಿತ್ತೋ ಯಾರಿಗೊತ್ತು. ತಪ್ಪಿದ್ದು ಹಂಗ ಕೈಯಿಂದ ಕೈಗೆ ಇಳದು ಬರ್ತದ. ನಿಮ್ಮ ಮೊಮ್ಮಗಗ ಕೆಟ್ಟ ಪ್ರೋಟೀನು ರಕ್ತಕಣಾ ಕಾಯೂವಂಥಾದ್ದು. ದಿನಾ ಏನೂ ತೊಂದ್ರಿ ಇರಂಗಿಲ್ಲ, ಎಲ್ಲಾ ಹುಡುಗರಂಗ ಬೆಳೀತಾನ, ಆಡ್ತಾನ, ಸಾಲಿಗೆ ಹೋಗ್ತಾನ. ಆದ್ರ ಕೆಲವು ಔಷಧ, ಈ ಡಾಂಬರ ಗುಳಿಗಿ, ಇಂಥಾವು ಅವನಿಗೆ ತಾಗಿದ್ರ ರಕ್ತಕಣ ಪಟಪಟ ಒಡೀತಾವ. ಮೈ ಹಳದಿ ಆಗತದ. ಭಾಳ ಒಡದ್ರ ಮೂತ್ರ ಕರೀ ಚಹಾದಂಗ ಬರ್ತದ."

ಕೂಸಿಗೆ ಗಾಳಿ ಬೀಸುತ್ತಿದ್ದ ನಾಗವ್ವನ ಕೈ ನಿಂತಿತು.

"ಎಂಥಾ ಔಷಧ?"

"ಮಲೇರಿಯಾಕ್ಕ ಕೊಡೂ ಒಂದು ಗುಳಿಗಿ ಅದರಾಗ ಮುಖ್ಯ. ಪ್ರಿಮಾಕ್ವಿನ್ ಅಂತ. ಛಲೋ ಔಷಧನ ಅದು, ಲಕ್ಷಾಂತರ ಜನಕ್ಕ ಜೀವಾ ಕೊಟ್ಟದ. ಇಂಥವರಿಗಷ್ಟ ತ್ರಾಸು."

ನಾಗವ್ವ ಬೀಸಣಿಗೆ ಕೆಳಗಿಟ್ಟಳು. ನೀರು ಕುಡಿದು, ಇಪ್ಪತ್ತೆರಡು ವರ್ಷದಿಂದ ಯಾರ ಮುಂದೆಯೂ ಆಡದ ಮಾತನ್ನು ಆಡಿದಳು.

ಅದು ೧೯೭೬ರ ಮಳೆಗಾಲ. ಪಂಚಮಿಗೆಂದು ವರ್ಷದ ಮಾಧುರಿಯನ್ನು ಕರೆದುಕೊಂಡು ನಾಗವ್ವ ತವರಿಗೆ ಹೋಗಿದ್ದಳು. ಗೂಳಪ್ಪನಿಗೆ ಚಳಿಜ್ವರ. ಮಲೇರಿಯಾದವರು ಬಂದು ರಕ್ತ ತೆಗೆದುಕೊಂಡು ಹೋಗಿ, ಗುಳಿಗೆ ಕೊಟ್ಟರು. ಜ್ವರ ಇಳಿಯಿತು. ಆದರೆ ಗುಳಿಗೆಯ ನಾಲ್ಕನೆಯ ದಿನ ಕಣ್ಣು ಹಳದಿಯಾಯಿತು, ಮೂತ್ರ ಕರ್ರಗಾಯಿತು. ಆಮೇಲೆ ಮೂತ್ರ ಬರುವುದೇ ನಿಂತಿತು. ಒಂಬತ್ತನೆಯ ದಿನಕ್ಕೆ ಗೂಳಪ್ಪ ಇಲ್ಲ. ಇಪ್ಪತ್ತೇಳರ ಗಟ್ಟಿಮುಟ್ಟಾದ ಆಳು. ಅವನ ಹೆಂಡತಿ ಬಸವಣ್ಣೆವ್ವ ಆ ದಿನಗಳಲ್ಲಿ ಅವನಿಗೆ ಕಷಾಯ ಕಾಯಿಸಿ ಕೊಡುತ್ತಿದ್ದಳು. ಸೊಸೆ ಕಷಾಯದಲ್ಲಿ ವಿಷ ಹಾಕಿದಳು ಎಂದು ನಾಗವ್ವನ ತಾಯಿ ಎದೆ ಬಡಿದುಕೊಂಡಳು. ಮನೆತನದ ಹಿರಿಯ ಮಹಾಲಿಂಗಕಾಕಾನ ಅಂಗಳದಲ್ಲಿ ಊರ ಹಿರಿಯರು ಕೂಡಿದರು.

"ಅಲ್ಲಿ ನನ್ನೂ ಕೇಳಿದ್ರವಾ. ಬಟ್ಟಲದ ತಳದಾಗ ಕರ್ರಗ ಏನೋ ಇತ್ತು ಅಂತ ನಾ ಹೇಳಿದೆ. ಕಷಾಯ ಅಂದ್ರ ಕರ್ರಗ ಇರ್ತದ. ಗೊತ್ತಿದ್ದೂ ಹೇಳಿದೆ. ಅಣ್ಣನ ಸಂಕಟದಾಗ ಯಾರ ಮ್ಯಾಲರೆ ಹಾಕಬೇಕಾಗಿತ್ತು ನಂಗ. ನಾಲ್ಕು ತಿಂಗಳ ಹೆಣ್ಣುಕೂಸಿನ ಸೆರಗಿನಾಗ ಕಟಗೊಂಡು ಆಕಿ ಹೋದ್ಲು."

ಸ್ನೇಹಲ್ ರಿಪೋರ್ಟು ಮಡಚಿ ಮಂಚದ ಮೇಲಿಟ್ಟಳು.

"ಸತ್ತವರ ರಕ್ತಾ ತಪಾಸ ಮಾಡ್ಲಿಕ್ಕಾಗಂಗಿಲ್ಲ, ಕಾಕು. ಹಿಂಗ ಆಗಿತ್ತು ಅಂತ ನಾ ಆಣಿ ಮಾಡಿ ಹೇಳ್ಲಾರೆ. ಆದ್ರ ನೀವು ಹೇಳಿದ್ದೆಲ್ಲಾ ಇದಕ್ಕ ಕೂಡತದ."

"ಇದು ನನ್ನಿಂದ ಬಂತೇನು ಕೂಸಿಗೆ?"

"ನಿಮ್ಮವ್ವನಿಂದ ನಿಮಗ, ನಿಮ್ಮಿಂದ ಮಾಧುರಿಗೆ, ಆಕಿಯಿಂದ ಕೂಸಿಗೆ ಬಂದಿರಬೇಕು. ಎಕ್ಸ್ ಅನ್ನೂ ವರ್ಣತಂತುವಿನಾಗ ಇರ್ತದ ಈ ಬರವಣಗಿ. ಹೆಣ್ಣಿಗೆ ಎಕ್ಸ್ ಎರಡು. ಒಂದು ಕೆಟ್ರ ಇನ್ನೊಂದು ಹೆಚ್ಚಾಗಿ ಸಂಭಾಳಸ್ತದ. ಗಂಡಿಗೆ ಇರೂದು ಒಂದ, ಅದೂ ತಾಯಿ ಕೊಟ್ಟದ್ದು. ಅದು ಕೆಟ್ಟಿದ್ರ ಅವಗ ಬ್ಯಾರೆ ದಿಕ್ಕಿಲ್ಲ. ಆದ್ರ ಇದು ಯಾರ ತಪ್ಪೂ ಅಲ್ರಿ. ಯಾರೂ ಬೇಕಂತ ಕೊಟ್ಟದ್ದಲ್ಲ." ಸ್ನೇಹಲ್ ತಡೆದು ಕೇಳಿದಳು, "ಗೂಳಪ್ಪನವರ ಮಗಳು ಈಗ ಎಲ್ಲಿದ್ದಾಳ?"

"ಭಾಮಾ. ಮದುವ್ಯಾಗಿ ತಳೇಗಾಂವದಾಗ ಇದ್ದಾಳಂತ. ಗಂಡಗ ಅಲ್ಲಿ ಕಾರಖಾನ್ಯಾಗ ಕೆಲಸ. ನಮ್ಮ ಸಂಬಂಧಿ ಕಾಶಪ್ಪ ಹೇಳಿದ್ದ. ಒಂದು ಗಂಡು ಹುಡುಗ ಅದಾನಂತ. ನಾವು ಯಾರೂ ಹೋಗಿಲ್ಲ."

"ಗೂಳಪ್ಪನವರಿಗೆ ಇದು ಇದ್ದದ್ದು ಖರೆ ಆದ್ರ, ಭಾಮಾನ ಮೈಯಾಗ ಇದು ಇದ್ದ ಇರ್ತದ. ತಂದಿಯ ಒಂದ ಎಕ್ಸು ಮಗಳಿಗೇ ಬರೂದು. ಆಕಿ ಮಗಗ ಬಂದಿರಬಹುದು, ಬರದನೂ ಇರಬಹುದು. ರೂಪಾಯಿ ಚಿಮ್ಮಿದಂಗ. ಆ ಹುಡುಗಗ ಮಲೇರಿಯಾ ಆದ್ರ ಏನ್ ಗತಿ, ಕಾಕು? ಅವರಿಗೆ ಗೊತ್ತಿರಬೇಕಲ್ಲ."

ಅಂದಿನಿಂದ ನಾಗವ್ವನಿಗೆ ಅನ್ನ ಸೇರಲಿಲ್ಲ. ಕೂಸು ಮನೆಗೆ ಬಂದ ಮೇಲೂ ಬಾಗಿಲು ಬಡಿದಾಗ, ತಾಟು ಬಿದ್ದಾಗ, ಅದು ಬೆಚ್ಚುತ್ತದೆಯೇ ಎಂದು ನೋಡುವಳು. ಒಮ್ಮೆ ಬೆಚ್ಚಿದಂತೆ ಕಾಣುವುದು, ಒಮ್ಮೆ ಇಲ್ಲ. ಅದರ ಜೊತೆಗೇ ಕಂಡಿಲ್ಲದ ಆ ಇನ್ನೊಂದು ಹುಡುಗನ ಚಿಂತೆ. ಪತ್ರಿಕೆಯಲ್ಲಿ ಮಲೇರಿಯಾದ ಸುದ್ದಿ ಬಂದಿದೆ ಎಂದು ಗಂಡ ಓದಿ ಹೇಳಿದ ದಿನ, ತಾನು ತಳೇಗಾಂವಕ್ಕೆ ಹೋಗುತ್ತೇನೆ ಎಂದಳು.

"ಹೋಗಿ ಏನಂತ ಹೇಳ್ತಿ?" ಎಂದ ಹೊಳಬಸಪ್ಪ. "ಮುಗದುಹೋದ ಮಾತು. ಇಷ್ಟು ವರ್ಷಾದ ಮ್ಯಾಲ ನಿನ್ನ ಹೊಸ್ತಲಾ ತುಳಸ್ತಾಳೇನು ಆಕಿ? ಮತ್ತ ಆ ಲ್ಯಾಬಿನ ಹುಡಿಗಿ ಹೇಳಿದ್ದೆಲ್ಲಾ ಖರೆ ಅಂತ ಏನು ಗ್ಯಾರಂಟಿ? ನಾಳೆ ಪತ್ರಾ ಬರದ್ರಾತು."

"ಪತ್ರಾ ಹರದು ಒಗದ್ರ?"

"ಒಗೀಲಿ. ಹೇಳೂದು ಹೇಳಿದಂಗಾತು."

"ಹುಡುಗಗ ಏನಾರ ಆದ್ರ ಆಗ ನೀವ ಹೇಳ್ರಿ, ಹೇಳಿದಂಗಾತು ಅಂತ," ಎಂದಳು ನಾಗವ್ವ. ಭಾನುವಾರ ಬೆಳಿಗ್ಗೆ ಹೊಳಬಸಪ್ಪನೇ ಶಿವಾಜಿನಗರ ಸ್ಟೇಶನ್ನಿಗೆ ಬಂದು, ಲೋಕಲ್ ಗಾಡಿಯ ತಿಕೀಟು ತೆಗೆದುಕೊಟ್ಟು, ಕಿಟಕಿಯ ಹತ್ತಿರ ಕೂರಿಸಿ ಹೋದ. ಸ್ನೇಹಲ್ ಬರೆದುಕೊಟ್ಟ ಚೀಟಿ ನಾಗವ್ವನ ಮುಷ್ಟಿಯಲ್ಲಿ ಬೆವರಿಗೆ ಒದ್ದೆಯಾಗಿತ್ತು.

ಕಾಶಪ್ಪ ಹೇಳಿದ ಗುರುತು ಹಿಡಿದು ಕಾಲೊನಿ ಹುಡುಕಿ, ಭಾಮಾನ ಮನೆಯ ಬಾಗಿಲು ಬಡಿದಳು. ಬಾಗಿಲು ತೆರೆದವಳು ಬಸವಣ್ಣೆವ್ವನೇ. ಮಗಳ ಮನೆಯಲ್ಲೇ ಇದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು, ನಾಗವ್ವನಿಗಿಂತ ಒಂದು ವರ್ಷ ಸಣ್ಣವಳು. ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

"ಯಾರು ಸತ್ರು?" ಎಂದಳು.

"ಯಾರೂ ಇಲ್ಲ, ವೈನಿ," ಎಂದಳು ನಾಗವ್ವ ಅತ್ತಿಗೆಗೆ.

"ಹಂಗಾರ ಇಲ್ಲಿಗ್ಯಾಕ ಬಂದಿ?"

ಒಳಗೆ ಕರೆಯಲಿಲ್ಲ. ನಾಗವ್ವ ಹೊಸ್ತಿಲ ಹೊರಗೇ ನಿಂತು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಬಿಟ್ಟು, ಕೆಲಸದ ಮಾತನ್ನೇ ಮೊದಲು ಹೇಳಿದಳು. "ನಿಮ್ಮ ಮೊಮ್ಮಗಗ ಮಲೇರಿಯಾದ ಗುಳಿಗಿ ಕೊಡೂ ಮೊದಲ ರಕ್ತಾ ತಪಾಸ ಮಾಡಸ್ರಿ. ನನ್ನ ಮೊಮ್ಮಗ ಸಾಯೂದರಾಗಿಂದ ಉಳದಾನ. ಅಣ್ಣಗೂ ಅದ ಆಗಿತ್ತು ಕಾಣ್ತದ. ಯಾರೂ ವಿಷಾ ಹಾಕಿರಲಿಲ್ಲ, ವೈನಿ. ಗುಳಿಗಿ ಅವನ ರಕ್ತಕ್ಕ ಒಗ್ಗಿರಲಿಲ್ಲ."

ಒಳಗಿನಿಂದ ಭಾಮಾ ಬಂದು ತಾಯಿಯ ಹಿಂದೆ ನಿಂತಳು. ಅವಳ ಸೀರೆ ಹಿಡಿದುಕೊಂಡು ನಾಲ್ಕು ವರ್ಷದ ಹುಡುಗ ಬಾಳು. ಗೂಳಪ್ಪನದೇ ಹಣೆ.

ಬಸವಣ್ಣೆವ್ವ ನಕ್ಕಳು. ಅದು ನಗೆಯಂತಿರಲಿಲ್ಲ.

"ಇದನ್ನ ಹೇಳಾಕ ಇಲ್ಲಿ ತನಾ ಬಂದ್ಯಾ? ಆ ದಿನಾ ಮಹಾಲಿಂಗಕಾಕಾನ ಅಂಗಳದಾಗ ನಾ ಏನಂತ ಒದರಿದೆ, ನೆನಪದ ಏನು? ಆ ಗುಳಿಗಿ ತಗೊಂಡ ಮ್ಯಾಲ ಹಿಂಗಾತು, ಆ ಗುಳಿಗಿ ತಗೊಂಡ ಮ್ಯಾಲ ಹಿಂಗಾತು ಅಂತ. ಒಬ್ಬರರೆ ಕೇಳಿದ್ರೇನು? ಊರಾಗ ಎಲ್ಲಾರೂ ಅದ ಗುಳಿಗಿ ತಿಂದಾರ, ನಿನ್ನ ಗಂಡ ಒಬ್ಬಾಂವ ಹೆಂಗ ಸತ್ತ ಅಂದ್ರಿ."

ನಾಗವ್ವನಿಗೆ ನೆನಪಿತ್ತು. ಬಸವಣ್ಣೆವ್ವ ಅಂದದ್ದು ಅಕ್ಷರಶಃ ನೆನಪಿತ್ತು.

"ಹೋದ ವರ್ಷ ಇವಗ ಮಲೇರಿಯಾ ಆಗಿತ್ತು," ಎಂದಳು ಬಸವಣ್ಣೆವ್ವ, ಹುಡುಗನ ತಲೆಯ ಮೇಲೆ ಕೈಯಿಟ್ಟು. "ಗುಳಿಗಿ ಕೊಟ್ರು. ಎರಡನೇ ದಿನ ಮೂತ್ರ ಕರ್ರಗಾತು. ಆ ಬಣ್ಣಾ ನಾ ನೋಡಿದ್ದೆ, ನಂಗ ಯಾರೂ ಕಲಸಬೇಕಾಗಿರಲಿಲ್ಲ. ಉಳದ ಗುಳಿಗಿ ಮೋರಿಗೆ ಹಾಕಿದೆ. ಅಳಿಯಾ ನನ್ನ ಮ್ಯಾಲ ಒದರ್ಯಾಡಿದ. ಹುಡುಗ ಉಳೀತು."

ಭಾಮಾ ಮೆಲ್ಲಗೆ ಕೇಳಿದಳು, "ಅತ್ತೀ, ಅದಕ್ಕ ತಪಾಸಣಿ ಅದ ಏನು?" ನಾಗವ್ವನನ್ನು ಅವಳು ಅತ್ತೆ ಎಂದದ್ದು ಅದೇ ಮೊದಲು. ನಾಗವ್ವ ಒದ್ದೆ ಚೀಟಿಯನ್ನು ಬಿಡಿಸಿ ಅವಳ ಕೈಗಿತ್ತಳು. ಭಾಮಾ ಅಲ್ಲೇ ನಿಂತು ಓದಿದಳು.

"ಹುಡುಗನ್ನ ಕರಕೊಂಡು ಬರ್ತೇವಿ," ಎಂದಳು ಬಸವಣ್ಣೆವ್ವ. "ಅದು ಹುಡುಗನ ಮಾತು. ನನ್ನ ಮಾತು ಬ್ಯಾರೆ."

"ನನ್ನ ತಪ್ಪಾತು, ವೈನಿ. ಕಾಲಿಗೆ ಬೀಳ್ತೀನಿ."

"ಇಲ್ಲಿ ಬೀಳಬ್ಯಾಡ. ಇಲ್ಲಿ ಯಾರ ನೋಡ್ತಾರ? ನನ್ನ ವಿಷಾ ಹಾಕಿದಾಕಿ ಅಂದದ್ದು ಊರಾಗ. ವಿಷಾ ಹಾಕಿದಾಕಿ ಮಗಳಂತ ಇವಳಿಗೆ ನಮ್ಮ ಕಡೆ ಒಂದು ಗಂಡು ಸಿಗಲಿಲ್ಲ. ಊರಾಗ ಹೋಗಿ ಹೇಳ್ತೀಯೇನು? ಅದ ಅಂಗಳದಾಗ?"

ನಾಗವ್ವ ಹೂಂ ಎಂದಳು. ಆದರೆ ವಾಪಸು ಬರುವಾಗ ಗಾಡಿಯಲ್ಲಿ ಮನಸ್ಸಿನಲ್ಲೇ ಎಣಿಸುತ್ತ ಕುಳಿತಳು. ಊರು ನಗುತ್ತದೆ, ತವರು ಮುರಿಯುತ್ತದೆ, ತೀರಿಹೋದ ತಾಯಿಯ ಮಾತನ್ನು ಸುಳ್ಳು ಮಾಡಿದಂತಾಗುತ್ತದೆ.

ಆ ವಾರವೇ ಬಾಳುವಿನ ರಕ್ತ ತಪಾಸಣೆಯಾಯಿತು. ಅವನಲ್ಲೂ ಅದೇ ಪ್ರೋಟೀನು ಕಡಿಮೆ ಇತ್ತು. ಡಾಕ್ಟರ್ ಬಾಯಿ ಇಬ್ಬರು ಹುಡುಗರಿಗೂ ಒಂದೊಂದು ಕಾರ್ಡು ಬರೆದುಕೊಟ್ಟರು. ಯಾವ ಔಷಧ ಕೊಡಬಾರದು ಎಂದು ಅದರಲ್ಲಿತ್ತು. ಬಸವಣ್ಣೆವ್ವನಿಗೂ ಒಂದು ಮಾತು ಹೇಳಿದರು: ಮೂತ್ರದ ಬಣ್ಣ ಗುರುತಿಸಿದ್ದು ಜಾಣತನ, ಆದರೆ ಇನ್ನೊಮ್ಮೆ ಹಾಗಾದರೆ ಗುಳಿಗೆ ಬಿಸಾಕಿ ಮನೆಯಲ್ಲೇ ಕೂರಬೇಡಿ, ಆ ಗಳಿಗೆಗೇ ಆಸ್ಪತ್ರೆಗೆ ಬನ್ನಿ, ಮಲೇರಿಯಾ ಅರ್ಧಕ್ಕೆ ಬಿಟ್ಟರೆ ಅದೂ ಜೀವಕ್ಕೆ ಕುತ್ತು, ಬೇರೆ ದಾರಿ ನಾವು ನೋಡುತ್ತೇವೆ.

ಕೂಸಿಗೆ ಸಿದ್ದಾರೂಢ ಎಂದು ಹೆಸರಿಟ್ಟರು. ಮೂರು ತಿಂಗಳಿಗೆ ಕಿವಿಯ ಪರೀಕ್ಷೆಯಾಯಿತು. ಒಳಗೆ ಯಂತ್ರ ಹಚ್ಚಿ ನೋಡುವಾಗ ಮಾಧುರಿ ತಾಯಿಯ ಕೈಯನ್ನು ಉಗುರು ನಾಟುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಎರಡೂ ಕಿವಿ ಸರಿ ಇವೆ ಎಂದರು. ಆಗ ಮಾತ್ರ ನಾಗವ್ವ ಅತ್ತಳು.

ಅದರ ಮರುವಾರ ಮಹಾಲಿಂಗಕಾಕಾನ ಬಸುರಿ ಮೊಮ್ಮಗಳ ಕುಬಸ. ಬಂಧುಗಳೆಲ್ಲ ಕೂಡುವ ದಿನ. ನಾಗವ್ವ ಗಂಡನ ಜೊತೆ ಊರಿಗೆ ಹೋದಳು. ತಳೇಗಾಂವದಿಂದ ಬಸವಣ್ಣೆವ್ವ, ಭಾಮಾ, ಬಾಳು ಬೇರೆ ಬಸ್ಸಿನಲ್ಲಿ ಬಂದರು. ಬಸವಣ್ಣೆವ್ವ ಅಂಗಳದೊಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಹೆಂಗಸರು ಅವಳನ್ನು ನೋಡಿ ಪಿಸುಗುಟ್ಟಿದರು.

ಊಟವಾಗಿ ಎಲೆ ಅಡಿಕೆಗೆ ಎಲ್ಲರೂ ಕುಳಿತಾಗ ನಾಗವ್ವ ಎದ್ದು ನಿಂತಳು. ಅಷ್ಟು ಜನರ ಮುಂದೆ ಎಂದೂ ಮಾತಾಡಿದವಳಲ್ಲ. ವರ್ಣತಂತು, ಪ್ರೋಟೀನು ಎಂದು ಸ್ನೇಹಲ್ ಕಲಿಸಿದ್ದೆಲ್ಲ ಅರ್ಧ ಮರೆತುಹೋಯಿತು. ನೆನಪಿದ್ದಷ್ಟು ಹೇಳಿದಳು. ತನ್ನ ಮೊಮ್ಮಗನಿಗೆ ಆದದ್ದು, ಬಾಳುವಿಗೆ ಆದದ್ದು, ಅಣ್ಣನಿಗೆ ಆದದ್ದು.

"ನಮ್ಮ ರಕ್ತದಾಗ ಒಂದು ಅಕ್ಷರ ತಪ್ಪೇದ. ಅದು ನಮ್ಮವ್ವನ ಕಡಿಂದ ಬಂದದ್ದು, ಬಸವಣ್ಣೆವ್ವನ ಕಡಿಂದ ಅಲ್ಲ. ಬಟ್ಟಲದಾಗ ಕರ್ರಗ ಇತ್ತು ಅಂತ ಇದ ಅಂಗಳದಾಗ ನಾ ಹೇಳಿದ್ದೆ. ಅದು ಕಷಾಯ. ನಾ ಸುಳ್ಳು ಹೇಳಿದ್ದೆ."

ಯಾರೋ ಒಬ್ಬರು ನಕ್ಕರು. ಇಬ್ಬರು 'ಹಳೇ ಹೆಣಾ ಯಾಕ ಕೆದರತಾಳ' ಎಂದು ಎದ್ದು ಹೋದರು. ಮುದುಕ ಮಹಾಲಿಂಗಕಾಕಾ ಅಡಕೊತ್ತು ಹಿಡಿದ ಕೈ ಎತ್ತದೆ ಕುಳಿತಿದ್ದ. ಹೊಳಬಸಪ್ಪ ಎದ್ದು ಬಂದು ಹೆಂಡತಿಯ ಪಕ್ಕದಲ್ಲಿ ನಿಂತು, "ರಿಪೋರ್ಟು ನಾ ಓದೇನಿ. ಆಕಿ ಹೇಳೂದು ಖರೆ ಅದ," ಎಂದ. ಹಿಂದೆ ಕುಳಿತಿದ್ದ ಒಬ್ಬ ಹೆಂಗಸು ನಾಗವ್ವನ ಸೆರಗು ಜಗ್ಗಿ ಮೆಲ್ಲಗೆ, "ನನ್ನ ತಂಗಿಯ ಗಂಡುಕೂಸೂ ಹಳದ್ಯಾಗಿ ಹೋತು. ಎರಡು ಹೋದ್ವು. ಈ ತಪಾಸಣಿ ಎಲ್ಲಿ ಮಾಡ್ತಾರ?" ಎಂದು ಕೇಳಿದಳು.

ಮಹಾಲಿಂಗಕಾಕಾ ಕೊನೆಗೆ ಅಡಕೊತ್ತು ಕೆಳಗಿಟ್ಟ. ಕೋಲು ಹಿಡಿದು ಕಟ್ಟೆಯ ತನಕ ನಡೆದುಹೋದ. "ಒಳಗ ಬಾ ಯವ್ವಾ," ಎಂದ. "ತಪ್ಪು ಹಿರ್ಯಾರದು."

ಬಸವಣ್ಣೆವ್ವ ಕೂಡಲೇ ಏಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮೊಮ್ಮಗನ ಕೈ ಹಿಡಿದು, ಇಪ್ಪತ್ತೆರಡು ವರ್ಷದ ಹಿಂದೆ ದಾಟಿ ಹೋಗಿದ್ದ ಆ ಅಂಗಳಕ್ಕೆ ಕಾಲಿಟ್ಟಳು. ನಾಗವ್ವನ ಕಡೆ ನೋಡಲಿಲ್ಲ. ಆದರೆ ಅವಳ ಪಕ್ಕದಲ್ಲಿದ್ದ ಜಾಗದಲ್ಲೇ ಕುಳಿತಳು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇಂಥ ತೊಂದರೆ ಯಾವ ಊರಿನಲ್ಲೂ, ಯಾವ ಜಾತಿಯಲ್ಲೂ ಇರಬಹುದು. ಮೈ ನೋಡಿದರೆ ಗೊತ್ತಾಗುವುದಿಲ್ಲ. ಹಸುಗೂಸಿನ ಕಣ್ಣು ಹಳದಿಯಾದರೆ ಬಿಸಿಲಿಗೆ, ಸರಕ್ಕೆ, ಮಂತ್ರಕ್ಕೆ ದಿನ ಕಳೆಯಬೇಡಿ. ಅಂಗಾಲು ಹಳದಿಯಾಗಿ, ಕೂಸು ಹಾಲು ಬಿಟ್ಟರೆ ಒಂದು ತಾಸೂ ತಡ ಮಾಡಬೇಡಿ. ಡಾಂಬರ ಗುಳಿಗೆ ಹಾಕಿಟ್ಟ ಬಟ್ಟೆಯನ್ನು ಕೂಸಿಗೆ ಹೊದಿಸಲೇಬೇಡಿ. ತೊಳೆದ ಹತ್ತಿಯ ಬಟ್ಟೆ ಸಾಕು. ಔಷಧ ತಗೊಂಡ ಮೇಲೆ ಯಾರಿಗಾದರೂ ಮೂತ್ರ ಕಪ್ಪಾದರೆ, ಉಳಿದ ಗುಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಓಡಿ. ಮನೆಯಲ್ಲಿ ಒಬ್ಬರಿಗೆ ಇದು ಇದೆ ಎಂದು ಗೊತ್ತಾದರೆ ಅಕ್ಕ ತಂಗಿಯರಿಗೆ, ತಾಯಿಯ ಕಡೆಯವರಿಗೆ ತಿಳಿಸಿ, ಮಾತು ಬಿಟ್ಟವರಿದ್ದರೆ ಅವರಿಗೂ. ಕಾರ್ಡು ಮಾಡಿಸಿ, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ತೋರಿಸಿ. ಮತ್ತೆ, ನಿಮ್ಮ ಮನೆಯಲ್ಲಿ ಒಬ್ಬ ಹೆಂಗಸು ಬಂದು, ಆ ಗುಳಿಗೆ ತಗೊಂಡ ಮೇಲೆ ಹೀಗಾಯಿತು ಎಂದರೆ, ಅವಳ ಮಾತನ್ನು ಆ ದಿನವೇ ಕೇಳಿಸಿಕೊಳ್ಳಿ.